ಮೆಳ್ಳೆಗಣ್ಣು: ತರಗತಿಯಲ್ಲಿ ನಾನು ತಿದ್ದಿಕೊಂಡ ಮಾತು

ಬೋಧನಾಭ್ಯಾಸಕ್ಕೆಂದು ಕಡಬ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಎಂಟನೆಯ ತರಗತಿ, 'ಬೆಳಕು' ಪಾಠ. ಕಣ್ಣಿನ ರಚನೆ ವಿವರಿಸುತ್ತಾ, "ಮೆಳ್ಳೆಗಣ್ಣಿಗೆ ಏಳು ವರ್ಷದೊಳಗೆ ಚಿಕಿತ್ಸೆ ಆಗಬೇಕು, ಮತ್ತೆ ಪ್ರಯೋಜನ ಇಲ್ಲ" ಎಂದೆ. ಬೆಲ್ ಆದ ಮೇಲೆ ಹುಡುಗಿಯೊಬ್ಬಳು ಮೇಜಿನ ಬಳಿ ಬಂದು, "ಟೀಚರ್, ನನಗೆ ಹದಿಮೂರು ಆಯ್ತಲ್ಲ?" ಎಂದಳು. ಅವಳ ಎಡಗಣ್ಣು ಮೂಗಿನ ಕಡೆಗೆ ತಿರುಗಿತ್ತು. "ಅದು ಅದೃಷ್ಟದ ಕಣ್ಣು ಅಂತ ಅಜ್ಜಿ ಹೇಳ್ತಾರೆ" ಎಂದೂ ಸೇರಿಸಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ವಾರ ಓದಿ ತಿಳಿದದ್ದು ಇದು.

ಪ್ರತಿ ಕಣ್ಣುಗುಡ್ಡೆಯನ್ನು 6 ಸ್ನಾಯುಗಳು ತಿರುಗಿಸುತ್ತವೆ. ಎರಡು ಕಣ್ಣುಗಳು ಒಂದೇ ಕಡೆ ನೋಡದಿದ್ದರೆ ಮಿದುಳಿಗೆ ಎರಡು ಬೇರೆ ಚಿತ್ರಗಳು ತಲುಪುತ್ತವೆ. ಮಗುವಿನ ಮಿದುಳು ಒಂದನ್ನು ಕಡೆಗಣಿಸುತ್ತದೆ. ಹಾಗೆ ಬಳಕೆ ತಪ್ಪಿದ ಕಣ್ಣಿನ ನೋಟ ಮಂದವಾಗುತ್ತದೆ. ಇದೇ ಆಂಬ್ಲಿಯೋಪಿಯಾ, ಅಂದರೆ 'ಸೋಮಾರಿ ಕಣ್ಣು'. 1981ರಲ್ಲಿ ನೊಬೆಲ್ ಪಡೆದ ಹ್ಯೂಬೆಲ್ ಮತ್ತು ವೀಸೆಲ್, ಬೆಕ್ಕಿನ ಮರಿಗಳ ಒಂದು ಕಣ್ಣು ಮುಚ್ಚಿ, ಎಳವೆಯಲ್ಲಿ ಮಿದುಳು ಹೇಗೆ ಬದಲಾಗುತ್ತದೆಂದು ತೋರಿಸಿದ್ದರು. 'ಬಾಲ್ಯ ಕಳೆದರೆ ಮುಗಿಯಿತು' ಎಂಬ ಮಾತಿಗೆ ಇಂಥ ಪ್ರಯೋಗಗಳು ಬಲ ಕೊಟ್ಟವು.

ಆಮೇಲಿನ ಸಂಶೋಧನೆ ಈ ಮಾತನ್ನು ಸಡಿಲಿಸಿದೆ. ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಮಂದ ಕಣ್ಣಿಗೆ ಕೆಲಸ ಕೊಡುವುದು ಹಳೆಯ ಚಿಕಿತ್ಸೆ. ಸಾಧಾರಣ ಮಟ್ಟದ ತೊಂದರೆಯಿದ್ದ ಏಳರೊಳಗಿನ ಮಕ್ಕಳಿಗೆ ದಿನಕ್ಕೆ 6 ಗಂಟೆಯಷ್ಟೇ ಫಲವನ್ನು 2 ಗಂಟೆಯ ಪಟ್ಟಿಯೂ ಕೊಡುತ್ತದೆಂದು 2003ರಲ್ಲಿ ಅಮೆರಿಕದ ಅಧ್ಯಯನ ತೋರಿಸಿತು. 2005ರಲ್ಲಿ 7ರಿಂದ 17 ವಯಸ್ಸಿನವರನ್ನು ಪರೀಕ್ಷಿಸಲಾಯಿತು. ಹಿಂದೆ ಚಿಕಿತ್ಸೆಯನ್ನೇ ಪಡೆಯದ 13–17ರ ಮಕ್ಕಳಲ್ಲಿ, ಕನ್ನಡಕದ ಜೊತೆ ಪಟ್ಟಿಯನ್ನೂ ಬಳಸಿದ ಶೇ. 47 ಮಂದಿಗೆ ನೋಟ ಸುಧಾರಿಸಿತು. ಕನ್ನಡಕ ಮಾತ್ರ ಧರಿಸಿದವರಲ್ಲಿ ಶೇ. 20. ಪೂರ್ತಿ ನೋಟ ಮರಳಿದವರು ಕಡಿಮೆ. ಬೇಗ ಆರಂಭಿಸಿದಷ್ಟೂ ಒಳ್ಳೆಯದೆಂಬುದು ಈಗಲೂ ನಿಜ, ಆದರೆ ಬಾಗಿಲು ಮುಚ್ಚಿಲ್ಲ. ಶಸ್ತ್ರಚಿಕಿತ್ಸೆ ಕಣ್ಣನ್ನು ನೇರ ಮಾಡುತ್ತದೆ. ಮಂದ ನೋಟಕ್ಕೆ ಬೇರೆ ಚಿಕಿತ್ಸೆ ಬೇಕು.

ಮರುದಿನದ ಪಾಠ ಆರಂಭಿಸುವ ಮೊದಲು, "ನಿನ್ನೆ ನಾನು ಹೇಳಿದ್ದು ತಪ್ಪು" ಎಂದು ತರಗತಿಗೆ ಹೇಳಿದೆ. ಆ ಹುಡುಗಿಯ ತಾಯಿಯೊಡನೆಯೂ ಮಾತಾಡಿದೆ: ಪುತ್ತೂರಿನಲ್ಲೋ ಸುಳ್ಯದಲ್ಲೋ ನೇತ್ರತಜ್ಞರಿಗೆ ಒಮ್ಮೆ ತೋರಿಸಿ ಅಂದೆ. "ರಜೆಯಲ್ಲಿ ಹೋಗ್ತೇವೆ ಟೀಚರೇ" ಎಂದರು.

ಪ್ರಶಿಕ್ಷಣಾರ್ಥಿ ಮಿತ್ರರೇ, ಒಂದೊಂದೇ ಕಣ್ಣು ಮುಚ್ಚಿ ಕಪ್ಪುಹಲಗೆ ಓದಿಸಿ ನೋಡಿ. ಅದಕ್ಕೆ ಎರಡು ನಿಮಿಷ ಸಾಕು.