ಯೋಧನ ಕವಚದ ಆಯ್ಕೆ

ಕರ್ಣನ ಕವಚವು ಹುಟ್ಟಿನೊಡನೆ ಬಂದುದು. ಅದು ಅವನಿಗೆ ಹೊರೆಯಾಗಿರಲಿಲ್ಲ. ಇಂದಿನ ಯೋಧನಾದರೋ ತನ್ನ ಕವಚವನ್ನು ಹೊತ್ತು ನಡೆಯಬೇಕು. ಆದುದರಿಂದ ಸೈನ್ಯಗಳು ಕವಚವನ್ನು ಆರಿಸುವಾಗ ರಕ್ಷಣೆಯನ್ನೂ ಭಾರವನ್ನೂ ತೂಗಿ ನೋಡುತ್ತವೆ.

ಮೊದಲನೆಯ ಪ್ರಶ್ನೆ, ಎದುರಾಳಿಯ ಆಯುಧ ಯಾವುದೆಂಬುದು. 1965ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಅವರ ಸಂಶೋಧನೆಯಿಂದ ದೊರೆತ ಕೆವ್ಲಾರ್ ನಾರಿನ ಪದರಗಳು ಪಿಸ್ತೂಲಿನ ಗುಂಡನ್ನು ತಡೆಯಬಲ್ಲವು. ರೈಫಲಿನ ವೇಗದ ಗುಂಡಿಗೆ ಅವು ಸಾಲವು. ಗುಂಡಿನ ಮೊನೆಯನ್ನು ಒಡೆಯುವ ಸಿರಾಮಿಕ್ ಫಲಕವೂ ಬೇಕು. ಫಲಕ ದಪ್ಪವಾದಷ್ಟೂ ತೂಕವೂ ಏರುತ್ತದೆ.

ಎರಡನೆಯದು ಪರೀಕ್ಷೆ. ಕವಚದ ಹಿಂದೆ ಜೇಡಿಯನ್ನಿಟ್ಟು ಗುಂಡು ಹಾರಿಸುತ್ತಾರೆ. ಗುಂಡು ಒಳತೂರದಿದ್ದರಷ್ಟೇ ಸಾಲದು. ಜೇಡಿಯಲ್ಲಿ ಮೂಡಿದ ತಗ್ಗು ಅಮೆರಿಕದ ಮಾನದಂಡದಂತೆ 44 ಮಿಲಿಮೀಟರ್ ಮೀರಬಾರದು. ಆ ಹೊಡೆತವೇ ಒಳಗಿನ ಅಂಗಗಳಿಗೆ ಘಾತಕವಾಗಬಹುದು. ಭಾರತವು 2018ರಲ್ಲಿ ತನ್ನದೇ ಮಾನದಂಡವನ್ನು ರೂಪಿಸಿತು.

ಮೂರನೆಯದು ರಣಭೂಮಿ. ಇರಾಕಿನಲ್ಲಿ ಪಕ್ಕೆಗೆ ಗುಂಡು ತಗುಲಿ ಸಾವುಗಳಾದುದನ್ನು ಕಂಡು ಅಮೆರಿಕದ ಸೈನ್ಯವು ಪಕ್ಕದ ಫಲಕಗಳನ್ನು ಸೇರಿಸಿತು. ಆಫ್ಘಾನಿಸ್ತಾನದ ಬೆಟ್ಟಗಳಲ್ಲಿ ಅದೇ ಸೈನ್ಯವು 2009ರಲ್ಲಿ ಹಗುರವಾದ ಕವಚವನ್ನು ಪರೀಕ್ಷಿಸಿ ಒದಗಿಸಿತು. ಬಳಲಿ ಹಿಂದುಳಿದ ಯೋಧನು ಶತ್ರುವಿಗೆ ಸುಲಭದ ಗುರಿಯಾಗುತ್ತಾನೆ. ಯಾವ ಕವಚವೂ ಇಡೀ ದೇಹವನ್ನು ಕಾಯದು. ಯಾವ ಭಾಗವನ್ನು ಬರಿದೆ ಬಿಡಬಹುದೆಂಬ ಕಠಿಣ ನಿರ್ಧಾರವೇ ಕವಚದ ಆಯ್ಕೆ.