ಹಗಲಲ್ಲೇ ಜೋಡಿಸಬೇಕಾದ ದೂರದರ್ಶಕ

ಆಸೆಪಟ್ಟು ಕೊಂಡ ದೂರದರ್ಶಕ ಕೆಲವೇ ತಿಂಗಳಲ್ಲಿ ಅಟ್ಟ ಸೇರಿದರೆ, ತಪ್ಪು ಹೆಚ್ಚಾಗಿ ಅದರ ಕನ್ನಡಿಯದಲ್ಲ, ಮೊದಲ ರಾತ್ರಿಯದು. ಪೆಟ್ಟಿಗೆಯನ್ನು ಸಂಜೆ ಬಿಚ್ಚುತ್ತಾರೆ. ಕತ್ತಲಾಗುವುದರೊಳಗೆ ಹೇಗೋ ಜೋಡಿಸಿ, ಇರುವುದರಲ್ಲೇ ಅತಿ ಹೆಚ್ಚು ದೊಡ್ಡದಾಗಿ ತೋರಿಸುವ ಐಪೀಸ್, ಅಂದರೆ ಕಣ್ಣಿಡುವ ಮಸೂರ, ಹಾಕಿ ಚಂದ್ರನ ಕಡೆ ತಿರುಗಿಸುತ್ತಾರೆ. ಒಳಗೆ ಬರೀ ಕಪ್ಪು. ಕೊಳವೆ ಅಲ್ಲಾಡಿಸಿದಾಗ ಏನೋ ಬೆಳ್ಳಗೆ ಸರಿದುಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಅಷ್ಟರಲ್ಲಿ ಮಕ್ಕಳಿಗೆ ನಿದ್ದೆ ಬಂದಿರುತ್ತದೆ. ಅದೇ ಉಪಕರಣವನ್ನು ಭಾನುವಾರ ಮಧ್ಯಾಹ್ನ ನಿಧಾನವಾಗಿ ಜೋಡಿಸಿಟ್ಟಿದ್ದರೆ ಆ ಮನೆಯವರು ಅಂದೇ ಗುರುವಿನ ಚಂದ್ರರನ್ನು ನೋಡಬಹುದಿತ್ತು. ದೂರದರ್ಶಕವನ್ನು ಸಿದ್ಧಗೊಳಿಸುವುದು ಒಂದು ಕುಶಲಕಲೆ, ಮತ್ತು ಅದು ಹಗಲಿನ ಕೆಲಸ.

ಹೊಸಬರ ಕೈಗೆ ಬರುವ ಒಂದು ಜನಪ್ರಿಯ ಮಾದರಿಯನ್ನೇ ತೆಗೆದುಕೊಳ್ಳೋಣ. 114 ಮಿಲಿಮೀಟರ್ ಅಗಲದ ಕನ್ನಡಿ, 900 ಮಿಲಿಮೀಟರ್ ಸಂಗಮದೂರ. ಕೊಳವೆಯ ತಳದಲ್ಲಿ ಬಾಗಿದ ದೊಡ್ಡ ಕನ್ನಡಿ, ಬಾಯಿಯ ಬಳಿ ಓರೆಯಾಗಿ ನಿಂತ ಪುಟ್ಟ ಚಪ್ಪಟೆ ಕನ್ನಡಿ, ಪಕ್ಕದಲ್ಲಿ ಕಣ್ಣಿಡುವ ಜಾಗ. ನ್ಯೂಟನ್ 1668ರಲ್ಲಿ ಕಟ್ಟಿದ ದೂರದರ್ಶಕದ ವಿನ್ಯಾಸವೇ ಇದು. ಕತ್ತಲಿಗೆ ಹೊಂದಿಕೊಂಡ ಕಣ್ಣಿನ ಪಾಪೆ 7 ಮಿಲಿಮೀಟರಿನಷ್ಟು ಅರಳುತ್ತದೆ ಎಂದು ಹಿಡಿದರೆ, ಈ ಕನ್ನಡಿ ಅದರ 265 ಪಟ್ಟು ಬೆಳಕನ್ನು ಹಿಡಿಯುತ್ತದೆ. ದೂರದರ್ಶಕದ ನಿಜವಾದ ಕಸುವು ಇದು. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾದ 600 ಪಟ್ಟು, 675 ಪಟ್ಟು ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಕನ್ನಡಿಯ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟು ಹಿಗ್ಗಿಸಿದರೆ ಅಲ್ಲಿಗೆ ಮುಗಿಯಿತು, ಅದೂ ಗಾಳಿ ನಿಶ್ಚಲವಾಗಿದ್ದು ನಕ್ಷತ್ರಗಳು ಹೆಚ್ಚು ಮಿನುಗದ ರಾತ್ರಿ. ಅದರಾಚೆಗೆ ಸಿಗುವುದು ದೊಡ್ಡದಾದ ಮಸುಕು. ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ: 25 ಮಿಲಿಮೀಟರಿನ ಐಪೀಸಿನಲ್ಲಿ 36 ಪಟ್ಟು, 10ರದರಲ್ಲಿ 90 ಪಟ್ಟು. ಗೆಲಿಲಿಯೊ 1610ರ ಜನವರಿಯಲ್ಲಿ ಗುರುವಿನ ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನಲ್ಲಿ.

ಜೋಡಣೆ ಕಾಲಿನಿಂದ ಮೇಲಕ್ಕೆ ಸಾಗಬೇಕು. ಮುಕ್ಕಾಲಿಯ ಕಾಲುಗಳನ್ನು ಪೂರ್ತಿ ಎಳೆಯುವ ಗೋಜಿಗೆ ಹೋಗಬೇಡಿ. ಗಿಡ್ಡವಾದಷ್ಟೂ ನಡುಕ ಕಡಿಮೆ, ಕುರ್ಚಿಯ ಮೇಲೆ ಕೂತು ನೋಡುವವರ ಕಣ್ಣೂ ಹೆಚ್ಚು ಹೊತ್ತು ನಿಲ್ಲುತ್ತದೆ. ನಡುವಿನ ತಟ್ಟೆ ಸಿಕ್ಕಿಸಿ, ತಲೆಭಾಗವನ್ನು ಕೂರಿಸಿ ಬಿಗಿದ ಮೇಲೆ ಸರಳು, ಸರಳಿಗೆ ಭಾರದ ಗುಂಡು, ಸರಳಿನ ತುದಿಗೆ ತಡೆ ತಿರುಪು. ಈ ತಿರುಪನ್ನು ಮರೆತರೆ ಸಡಿಲವಾದ ಗುಂಡು ನೇರ ಕಾಲಬೆರಳಿನ ಮೇಲೆ ಬೀಳುತ್ತದೆ. ಕೊಳವೆ ಏರುವುದು ಗುಂಡು ಬಂದ ಮೇಲೆಯೇ; ಬಿಚ್ಚುವಾಗ ಮೊದಲು ಇಳಿಯುವುದು ಕೊಳವೆ. ಕ್ರಮ ತಪ್ಪಿದರೆ ಇಡೀ ಉಪಕರಣ ಒಂದು ಕಡೆಗೆ ಮಗುಚುತ್ತದೆ.

ಐಪೀಸು, ಗುರಿ ಹಿಡಿಯಲು ಬಳಸುವ ಫೈಂಡರು ಎಲ್ಲವನ್ನೂ ಹಾಕಿದ ಮೇಲೆ ಸಮತೋಲ ನೋಡಬೇಕು, ಏಕೆಂದರೆ ಅವುಗಳ ತೂಕವೂ ಲೆಕ್ಕಕ್ಕೆ ಬರುತ್ತದೆ. ಸರಳನ್ನು ನೆಲಕ್ಕೆ ಸಮನಾಗಿ ಹಿಡಿದು, ಕೊಳವೆಯನ್ನು ಇನ್ನೊಂದು ಕೈಯಲ್ಲಿ ಆತು, ಬಿಗಿಯನ್ನು ಸಡಿಲಿಸಿ. ಯಾವ ಕಡೆ ವಾಲುತ್ತದೆ ನೋಡಿ ಗುಂಡನ್ನು ಹಿಂದೆ ಮುಂದೆ ಸರಿಸಿ. ಕೈಬಿಟ್ಟರೂ ನಿಂತಲ್ಲೇ ನಿಲ್ಲುವವರೆಗೆ ಇದು ನಡೆಯಬೇಕು. ಆಮೇಲೆ ಕೊಳವೆಯನ್ನು ಹಿಡಿದ ಬಳೆಗಳನ್ನು ತುಸು ಸಡಿಲಿಸಿ, ಕೊಳವೆಯನ್ನೇ ಮುಂದಕ್ಕೋ ಹಿಂದಕ್ಕೋ ಜಾರಿಸಿ ಎರಡನೆಯ ಸಮತೋಲ. ಇದನ್ನು ಸರಿಯಾಗಿ ಮಾಡಿದ ಉಪಕರಣವನ್ನು ಒಂದು ಬೆರಳಿನಿಂದ ಆಕಾಶದ ಯಾವ ಮೂಲೆಗಾದರೂ ತಿರುಗಿಸಬಹುದು.

ಇಲ್ಲಿಂದ ಮುಂದೆ ಕೈಪಿಡಿ ನಮಗೆ ಅಷ್ಟಾಗಿ ಒದಗುವುದಿಲ್ಲ. ಈ ತಲೆಭಾಗದ ಒಂದು ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರವಾಗಿರಬೇಕು. ಆಗ ಒಂದೇ ಗುಬ್ಬಿಯನ್ನು ತಿರುಗಿಸುತ್ತ ಗಂಟೆಗೆ 15 ಡಿಗ್ರಿ ಸರಿಯುವ ಆಕಾಶವನ್ನು ಹಿಂಬಾಲಿಸಬಹುದು. ಅಕ್ಷದ ಓರೆ ಎಷ್ಟೆಂದರೆ ನಿಮ್ಮೂರಿನ ಅಕ್ಷಾಂಶದಷ್ಟು. ಕೈಪಿಡಿಗಳ ಚಿತ್ರಗಳಲ್ಲಿ ಅದು ಸಾಮಾನ್ಯವಾಗಿ ಯುರೋಪ್, ಅಮೆರಿಕಗಳಿಗೆ ತಕ್ಕಂತೆ 40, 50 ಡಿಗ್ರಿಯಷ್ಟು ಎತ್ತರಕ್ಕೆ ನಿಂತಿರುತ್ತದೆ. ಬೆಂಗಳೂರು, ಮಂಗಳೂರುಗಳಿಗೆ ಬೇಕಾದದ್ದು 13 ಡಿಗ್ರಿ. ಮೈಸೂರಿಗೆ 12ರ ಚಿಲ್ಲರೆ, ಬೆಳಗಾವಿಗೆ 16ರ ಹತ್ತಿರ, ಬೀದರಿಗೆ 18. ಅಕ್ಷ ಮಲಗಿದಂತೆಯೇ ಕಾಣುತ್ತದೆ, ಅದು ತಪ್ಪಲ್ಲ. ಆದರೆ ತಲೆಯ ಭಾರವೆಲ್ಲ ಉತ್ತರಕ್ಕೆ ವಾಲುವುದರಿಂದ ಮುಕ್ಕಾಲಿಯ ಒಂದು ಕಾಲನ್ನು ಉತ್ತರಕ್ಕೇ ಇಡಿ. ಸರಳು ನೇರ ಕೆಳಗಿಳಿದಾಗ ಗುಂಡು ಆ ಕಾಲಿಗೆ ತಗಲುತ್ತದೆಯೇ ಎಂದು ಹಗಲಲ್ಲೇ ತಿರುಗಿಸಿ ನೋಡಿಕೊಳ್ಳಿ. ಕೊಳ್ಳುವ ಮೊದಲೇ, ಅಳತೆಪಟ್ಟಿ 13ರವರೆಗೆ ಇಳಿಯುತ್ತದೆಯೇ ಎಂದು ಅಂಗಡಿಯಲ್ಲಿ ಕೇಳುವುದು ಇನ್ನೂ ಲೇಸು.

ಅಕ್ಷವನ್ನು ಉತ್ತರಕ್ಕೆ, ಧ್ರುವ ನಕ್ಷತ್ರದ ಕಡೆಗೆ ತಿರುಗಿಸಬೇಕು; ಅದೂ ನಮ್ಮಲ್ಲಿ ಅಷ್ಟೇ ಎತ್ತರದಲ್ಲಿ ಇರುತ್ತದೆ. ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆಯೋ ಊರಂಚಿನ ಮಂಜಿನೊಳಗೋ ಅದು ಮರೆಯಾಗಿದ್ದರೆ ದಿಕ್ಸೂಚಿ ಸಾಕು. ಕರ್ನಾಟಕದಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಕಣ್ಣಿನ ವೀಕ್ಷಣೆಗೆ ತೊಡಕಾಗುವಷ್ಟಿಲ್ಲ. ಮುಕ್ಕಾಲಿಯ ಕಬ್ಬಿಣದಿಂದ ನಾಲ್ಕು ಹೆಜ್ಜೆ ದೂರ ನಿಂತು ದಿಕ್ಕು ಗುರುತಿಸಿ, ನೆಲದ ಮೇಲೆ ಬಣ್ಣದಲ್ಲಿ ಒಂದು ಗೆರೆ ಎಳೆದುಬಿಡಿ. ಮುಂದೆ ಪ್ರತಿ ರಾತ್ರಿ ಮುಕ್ಕಾಲಿ ಆ ಗೆರೆಗೆ ಬಂದು ನಿಂತರಾಯಿತು.

ಹಗಲಿನ ಕೆಲಸದಲ್ಲೆಲ್ಲ ಮುಖ್ಯವಾದದ್ದು ಫೈಂಡರನ್ನು ಹೊಂದಿಸುವುದು. ದೊಡ್ಡ ಕೊಳವೆಯ ಬೆನ್ನಿಗಂಟಿದ ಆ ಪುಟ್ಟ ಕೊಳವೆ ಅಥವಾ ಕೆಂಪು ಚುಕ್ಕಿಯ ಗಾಜು ಆಟಿಕೆಯಂತೆ ಕಂಡರೂ, ಅದಿಲ್ಲದೆ ದೂರದರ್ಶಕ ಕುರುಡು. 36 ಪಟ್ಟಿನಲ್ಲೂ ಐಪೀಸಿನಲ್ಲಿ ಕಾಣುವ ಆಕಾಶ ಒಂದೂವರೆ ಡಿಗ್ರಿಗಿಂತ ಕಡಿಮೆ. ಅರ್ಧ ಕಿಲೋಮೀಟರಿಗಿಂತ ದೂರದ, ಅಲುಗದ ಒಂದು ತುದಿ ಹುಡುಕಿ: ಮೊಬೈಲ್ ಗೋಪುರ, ದೇವಸ್ಥಾನದ ಕಳಸ. ತೆಂಗಿನ ಮರ ಬೇಡ, ಗಾಳಿಗೆ ತೂಗುತ್ತದೆ. 25ರ ಐಪೀಸಿನಲ್ಲಿ ಆ ತುದಿಯನ್ನು ನಟ್ಟನಡುವೆ ತಂದು ಎಲ್ಲ ಬಿಗಿಯಿರಿ. ಈಗ ದೊಡ್ಡ ಕೊಳವೆಯನ್ನು ಮುಟ್ಟದೆ ಫೈಂಡರಿನ ತಿರುಪುಗಳನ್ನು ಮಾತ್ರ ತಿರುಗಿಸಿ, ಅದರ ನಡುವಿಗೂ ಅದೇ ತುದಿ ಬರಲಿ. 10ರ ಐಪೀಸ್ ಹಾಕಿ ಇನ್ನೊಮ್ಮೆ ತಿದ್ದಿ. ಚಿತ್ರ ತಲೆಕೆಳಗಾಗಿರುತ್ತದೆ, ಈ ಬಗೆಯ ದೂರದರ್ಶಕದಲ್ಲಿ ಅದು ಸಹಜ, ಆಕಾಶಕ್ಕೆ ಮೇಲು ಕೆಳಗು ಎಂಬುದಿಲ್ಲ.

ಹಗಲಲ್ಲಿ ಈ ಕೆಲಸ ಮಾಡುವಾಗ ಸೂರ್ಯನ ಕಡೆಗೆ ಕೊಳವೆ ತಿರುಗದಂತೆ ಎಚ್ಚರ. ಕಣ್ಣು ಕ್ಷಣದಲ್ಲಿ ಹೋಗುತ್ತದೆ. ಐಪೀಸಿಗೆ ತಿರುಪುವ ಕಪ್ಪು ಗಾಜಿನ ‘ಸೂರ್ಯ ಫಿಲ್ಟರ್’ ಸಿಕ್ಕಿದ್ದರೆ ಇಂದೇ ಎಸೆಯಿರಿ, ಅದು ಬಿಸಿಗೆ ಬಿರಿಯಬಲ್ಲದು. ಸೂರ್ಯನನ್ನು ನೋಡಲೇಬೇಕೆಂದರೆ ಕೊಳವೆಯ ಬಾಯಿಯನ್ನೇ ಪೂರ್ತಿ ಮುಚ್ಚುವ, ಅದಕ್ಕೆಂದೇ ಮಾಡಿದ ಫಿಲ್ಟರ್ ಬೇಕು, ಫೈಂಡರನ್ನೂ ಮುಚ್ಚಿರಬೇಕು.

ಅಕ್ಷಾಂಶ, ಗುಂಡು, ಸಮತೋಲಗಳ ಈ ಲೆಕ್ಕವೆಲ್ಲ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ, ಮತ್ತು ನನ್ನ ಒಲವು ಅದರ ಕಡೆಗೇ. ಜಾನ್ ಡಾಬ್ಸನ್ 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿ ಸೇರಿ ರಾಮಕೃಷ್ಣ ಪರಂಪರೆಯ ಸಾಧುವಾದವರು. ಕೈಯಲ್ಲಿ ಕಾಸಿಲ್ಲದ ಆ ಸನ್ಯಾಸಿ ಹಡಗಿನ ಕಿಟಕಿಯ ಹಳೆಯ ದಪ್ಪ ಗಾಜನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದರು, ರಟ್ಟಿನ ಕೊಳವೆಯಲ್ಲಿ ಕೂರಿಸಿದರು, ಹಲಗೆಯ ಪೆಟ್ಟಿಗೆಯ ಮೇಲೆ ಫಿರಂಗಿಯಂತೆ ನಿಲ್ಲಿಸಿದರು. ಮೇಲೆ ಕೆಳಗೆ, ಅತ್ತ ಇತ್ತ: ಎರಡೇ ಚಲನೆ. ಆಶ್ರಮದಿಂದ ಹೊರಬಂದು ನೆರೆಹೊರೆಯವರಿಗೆ ಆಕಾಶ ತೋರಿಸುತ್ತಿದ್ದದ್ದು ಹಿರಿಯರಿಗೆ ಹಿಡಿಸಲಿಲ್ಲ, 1967ರಲ್ಲಿ ಆಶ್ರಮ ಬಿಡಬೇಕಾಯಿತು. ಮರುವರ್ಷ ಗೆಳೆಯರೊಂದಿಗೆ ಕಟ್ಟಿದ್ದು ಸೈಡ್‌ವಾಕ್ ಅಸ್ಟ್ರಾನಮರ್ಸ್ ಎಂಬ ಸಂಘ. ರಸ್ತೆಬದಿಯಲ್ಲಿ ದೂರದರ್ಶಕ ನಿಲ್ಲಿಸಿ, ಹೋಗಿ ಬರುವವರನ್ನು ಕರೆದು ತೋರಿಸುವುದೇ ಅದರ ಕೆಲಸ. ಇಂದು ಲೋಕದ ತುಂಬ ‘ಡಾಬ್ಸೋನಿಯನ್’ ಎಂದು ಮಾರಾಟವಾಗುವುದು ಆ ಹಲಗೆಪೆಟ್ಟಿಗೆಯೇ. ಅದರ ಪೀಠ ಜೋಡಿಸಲು ಒಂದು ತಿರುಪುಳಿ, ಒಂದು ಗಂಟೆ ಸಾಕು. ಅದೇ ಹಣಕ್ಕೆ ಹೆಚ್ಚು ಅಗಲದ ಕನ್ನಡಿಯೂ ಸಿಗುತ್ತದೆ, ಏಕೆಂದರೆ ದುಡ್ಡು ಗಿಯರುಗಳಿಗೆ ಹೋಗುವುದಿಲ್ಲ. ನಕ್ಷತ್ರವನ್ನು ಕೈಯಿಂದಲೇ ಹಿಂಬಾಲಿಸಬೇಕು. ಮಕ್ಕಳು ಅದನ್ನು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ.

ಯಾವ ಬಗೆಯದೇ ಆಗಲಿ, ದೂರದರ್ಶಕದ ಕನ್ನಡಿಗಳು ಸಾಗಣೆಯಲ್ಲಿ ಕದಲಿರಬಹುದು. ಉಜ್ವಲವಾದ ನಕ್ಷತ್ರವೊಂದನ್ನು ನಡುವೆ ತಂದು ಫೋಕಸ್ ಸ್ವಲ್ಪ ಕೆಡಿಸಿ: ಒಂದರೊಳಗೊಂದು ಸಮನಾದ ಬಳೆಗಳು ಕಂಡರೆ ಸರಿ, ಒಂದು ಬದಿಗೆ ಒತ್ತರಿಸಿದ್ದರೆ ತಳದ ಕನ್ನಡಿಯ ಹಿಂದಿನ ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸಬೇಕು. ನೋಡುವ ಅರ್ಧ ಗಂಟೆ ಮೊದಲೇ ಹೊರಗಿಟ್ಟು ಕನ್ನಡಿ ತಣಿಯಲು ಬಿಡಿ.

ಮೊದಲ ರಾತ್ರಿಗೆ ಪಂಚಾಂಗ ನೋಡಿ ದಿನ ಆರಿಸಿಕೊಳ್ಳಿ. ಹುಣ್ಣಿಮೆ ಬೇಡ, ಆಗ ಬಿಸಿಲು ನೇರ ಬೀಳುವುದರಿಂದ ಚಂದ್ರನ ಮೇಲೆ ನೆರಳೇ ಇರುವುದಿಲ್ಲ. ಶುಕ್ಲ ಪಕ್ಷದ ಪಂಚಮಿಯಿಂದ ದಶಮಿಯವರೆಗೆ, ಬೆಳಕು ಕತ್ತಲು ಸೇರುವ ಗೆರೆಯುದ್ದಕ್ಕೂ ಕುಳಿಗಳ ಅಂಚು, ಬೆಟ್ಟಗಳ ನೆರಳು ಎದ್ದು ನಿಲ್ಲುತ್ತವೆ. ಗುರು, ಶನಿ ಸಂಜೆಗೆ ಇದ್ದರೆ 36 ಪಟ್ಟಿನಲ್ಲಿ ಹಿಡಿದು 90ಕ್ಕೆ ಏರಿ. ಚಳಿಗಾಲದಲ್ಲಿ ಕೃತ್ತಿಕೆ, ಮಹಾವ್ಯಾಧನ ಖಡ್ಗದಲ್ಲಿರುವ ನೀಹಾರಿಕೆ. ಕಲಿಸುವವರು ಬೇಕೆಂದರೆ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ಕ್ಲಬ್‌ನಂಥ ಕಡೆ ವಿಚಾರಿಸಬಹುದು.

ಧ್ರುವನನ್ನು ಕೆಳಗಿಳಿಸಿದ ಅಕ್ಷಾಂಶವೇ ದಕ್ಷಿಣದ ಆಕಾಶವನ್ನು ನಮಗೆ ಮೇಲೆತ್ತಿ ಕೊಟ್ಟಿದೆ. ಲಕ್ಷಾಂತರ ನಕ್ಷತ್ರಗಳ ಒಮೆಗಾ ಸೆಂಟಾರಿ ಗುಚ್ಛ ಲಂಡನ್ನಿನಲ್ಲಿ ಹುಟ್ಟುವುದೇ ಇಲ್ಲ. ನ್ಯೂಯಾರ್ಕಿನಲ್ಲಿ ದಿಗಂತದ ಧೂಳಿನಲ್ಲಿ ಕಳೆದುಹೋಗುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಅದು ಮೇ ತಿಂಗಳ ರಾತ್ರಿ ದಕ್ಷಿಣಕ್ಕೆ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತದೆ. ಮಳೆಗಾಲಕ್ಕೆ ಮುಂಚೆ, ದಕ್ಷಿಣ ದಿಕ್ಕು ತೆರೆದಿರುವ ಹಳ್ಳಿಯೊಂದಕ್ಕೆ ಕಡಿಮೆ ವರ್ಧನೆಯ ಐಪೀಸಿನೊಂದಿಗೆ ಒಮ್ಮೆ ಹೋಗಿಬನ್ನಿ.

ಜೂನ್ ಬಂತೆಂದರೆ ಕೊಳವೆಯ ಎರಡೂ ಬಾಯಿ ಮುಚ್ಚಿ, ಜೊತೆಗೆ ಸಿಲಿಕಾ ಜೆಲ್ ಇಟ್ಟು ಒಣ ಜಾಗದಲ್ಲಿಡಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಕನ್ನಡಿಗೆ ಬೂಷ್ಟು ಹಿಡಿಯುತ್ತದೆ, ಹಲಗೆಯ ಪೀಠ ತೇವಕ್ಕೆ ಉಬ್ಬುತ್ತದೆ. ಧೂಳು ಕಂಡರೆ ಬಟ್ಟೆಯಿಂದ ಒರೆಸಬೇಡಿ. ಕನ್ನಡಿಯ ಲೇಪ ಗೀರುತ್ತದೆ, ಧೂಳಿನಿಂದ ಆಗುವ ನಷ್ಟ ಅದಕ್ಕಿಂತ ಕಡಿಮೆ. ಮಳೆ ನಿಂತು ಆಕಾಶ ತೊಳೆದಂತಾದಾಗ ಮತ್ತೆ ಹೊರತೆಗೆದು, ಮೊದಲು ಫೈಂಡರನ್ನು ಹೊಂದಿಸಿಕೊಳ್ಳಿ.