ಮನೆಗೊಂದೇ ವಿಳಾಸ, ಒಳಗೆ ಹತ್ತು ಕಂಪ್ಯೂಟರ್

ಶಿವಮೊಗ್ಗದಲ್ಲಿ ಪರಿಚಯದ ನಿವೃತ್ತ ಎಂಜಿನಿಯರೊಬ್ಬರ ಮನೆಗೆ ಈಚೆಗೆ ಹೋಗಿದ್ದೆ. ಟಿ.ವಿ. ಸ್ಟ್ಯಾಂಡಿನ ಕೆಳಗೆ ಹಳೇ ಸಿಪಿಯು. ಅದಕ್ಕೆ ಎರಡು ನೆಟ್‌ವರ್ಕ್ ಕಾರ್ಡು: ಒಂದಕ್ಕೆ ಹೊರಗಿನ ಫೈಬರ್ ಲೈನು, ಇನ್ನೊಂದರಿಂದ ಮನೆಯವರೆಲ್ಲರ ಕಂಪ್ಯೂಟರುಗಳಿಗೆ ಸಂಪರ್ಕ. ಅಂಗಡಿಯಲ್ಲಿ ಸಿಗುವ ರೂಟರಿನ ಕೆಲಸವನ್ನು ಅವರು ಲಿನಕ್ಸ್ ಹಾಕಿ ಇದರಿಂದಲೇ ಮಾಡಿಸುತ್ತಾರೆ. ‘ಒಳಗೇನು ನಡೀತಿದೆ ನೋಡಿ ಸರ್’ ಎಂದು ಸಂಪರ್ಕಗಳ ಪಟ್ಟಿ ತೋರಿಸುವ ‘ಕಾನ್‌ಟ್ರ್ಯಾಕ್’ ಕಮಾಂಡ್ ಕೊಟ್ಟರು. ಪರದೆ ತುಂಬ ಸಾಲುಗಳು ಸರಸರನೆ ಇಳಿದವು.

ಒಂದು ಸಾಲಿನಲ್ಲಿ ಅವರ ಮೊಮ್ಮಗಳ ಲ್ಯಾಪ್‌ಟಾಪು: 192.168.1.5, ಪೋರ್ಟ್ 51514. ಅದೇ ಸಾಲಿನ ಉತ್ತರಾರ್ಧದಲ್ಲಿ, ಮರುಪತ್ರ ಬರಬೇಕಾದ ಕಡೆ, ಲ್ಯಾಪ್‌ಟಾಪಿನ ಸುಳಿವೇ ಇಲ್ಲ. ಇಡೀ ಮನೆಯ ಹೊರವಿಳಾಸವಷ್ಟೇ ಇದೆ. ಉತ್ತರ ಬಂದ ಕೂಡಲೇ ಪೋರ್ಟ್ ನೋಡಿ, ಸಾಲು ಹುಡುಕಿ, ಸರಿಯಾದ ಯಂತ್ರಕ್ಕೆ ದಾಟಿಸುವುದು ಈ ಪಟ್ಟಿಯ ಕೆಲಸ. ಇಬ್ಬರ ಕಂಪ್ಯೂಟರೂ ಒಂದೇ ಸರ್ವರಿಗೆ ಒಂದೇ ಪೋರ್ಟಿನಿಂದ ಹೊರಟರೆ ಒಂದರ ಪೋರ್ಟ್ ನಂಬರನ್ನು ಲಿನಕ್ಸ್ ದಾರಿಯಲ್ಲೇ ಬದಲಿಸಿಬಿಡುತ್ತದೆ. ಎಷ್ಟು ಅಚ್ಚುಕಟ್ಟು!

ನನ್ನ ಕಣ್ಣು ನೆಟ್ಟಿದ್ದು ಮಾತ್ರ ಸಾಲಿನ ಆರಂಭದ 431999ರ ಮೇಲೆ. ಅದು ಸಾಲಿನ ಆಯುಸ್ಸು, ಸೆಕೆಂಡುಗಳಲ್ಲಿ. ಟಿಸಿಪಿ ಸಂಪರ್ಕಕ್ಕೆ ಲಿನಕ್ಸ್ ಕೊಡುವುದು 4,32,000 ಸೆಕೆಂಡು, ಅಂದರೆ ಭರ್ತಿ ಐದು ದಿನ. ಒಂದು ಪ್ಯಾಕೆಟ್ ಓಡಾಡಿದರೂ ಎಣಿಕೆ ಮತ್ತೆ ಮೊದಲಿಗೆ. ಉತ್ತರ ಕಾಣದ ಯುಡಿಪಿ ಸಾಲಿಗೆ ಬರೀ 30 ಸೆಕೆಂಡು. ಫೋನಿನ ಕರೆ ಆ್ಯಪ್‌ಗಳು ಮಾತಿಲ್ಲದಾಗಲೂ ಆಗಾಗ ಪುಟ್ಟ ಪ್ಯಾಕೆಟ್ ಕಳಿಸುವುದು ಪಟ್ಟಿಯಲ್ಲಿ ತಮ್ಮ ಸಾಲು ಅಳಿಯದಿರಲೆಂದೇ. ಕರೆಂಟ್ ಹೋಗಿ ಪೆಟ್ಟಿಗೆ ಆಫ್ ಆಯಿತೋ, ಪಟ್ಟಿಯೂ ಹೋಯಿತು.

ಹೀಗೆ ವಿಳಾಸ ಬದಲಿಸುವ ತಂತ್ರದ ಮೂಲ 1994ರ ಮೇ ತಿಂಗಳ ಆರ್‌ಎಫ್‌ಸಿ 1631 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ. ಬರೆದವರು ಕೆಲ್ಡ್ ಎಗೆವಾಂಗ್, ಪಾಲ್ ಫ್ರಾನ್ಸಿಸ್. ಸುಮಾರು 429 ಕೋಟಿ ಐಪಿವಿ4 ವಿಳಾಸಗಳು ಸಾಲವೆಂಬ ಚಿಂತೆಗೆ ತಾತ್ಕಾಲಿಕ ಪರಿಹಾರವಾಗಿ ಬಂದದ್ದು. 192.168ರಿಂದ ಶುರುವಾಗುವ ವಿಳಾಸಗಳು ಖಾಸಗಿ ಬಳಕೆಗೆ ಮೀಸಲಾದದ್ದೂ 1994ರಲ್ಲೇ. 1999ರ ವಿಂಡೋಸ್ 98 ಎರಡನೇ ಆವೃತ್ತಿಯಲ್ಲಿ ಸಂಪರ್ಕ ಹಂಚುವ ಸೌಲಭ್ಯ ಸೇರಿತು. ಆಮೇಲೆ ಅಗ್ಗದ ರೂಟರುಗಳು ಬಂದವು.

ತಾತ್ಕಾಲಿಕ ಎಂದದ್ದು ಇಂದಿಗೂ ಉಳಿದಿದೆ. ಇದೇ ದೊಡ್ಡ ಭದ್ರತೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆಹ್ವಾನವಿಲ್ಲದೆ ಬಂದ ಪ್ಯಾಕೆಟ್ಟಿಗೆ ಪಟ್ಟಿಯಲ್ಲಿ ಸಾಲಿಲ್ಲದ್ದರಿಂದ ಅದು ಒಳಬರುವುದಿಲ್ಲ, ನಿಜ. ಆದರೆ ಕಾವಲು ಫೈರ್‌ವಾಲ್‌ನ ಕೆಲಸ.

ಈಗ ಇಂಟರ್ನೆಟ್ ಕೊಡುವ ಕಂಪನಿಗಳೂ ಇದನ್ನೇ ಮಾಡುತ್ತಿವೆ, ಹಲವು ಮನೆಗಳಿಗೆ ಒಂದೇ ವಿಳಾಸ. ರೂಟರಿನ ಸ್ಟೇಟಸ್ ಪುಟದಲ್ಲಿ ಹೊರವಿಳಾಸ 100.64ರಿಂದ 100.127ರೊಳಗಿದ್ದರೆ ನಿಮ್ಮ ಪಟ್ಟಿಯ ಮೇಲೆ ಕಂಪನಿಯದೂ ಒಂದು ಪಟ್ಟಿಯಿದೆ ಎಂದರ್ಥ. ತೋಟದ ಮನೆಯ ಕ್ಯಾಮೆರಾವನ್ನು ಊರಿಂದ ನೇರವಾಗಿ ನೋಡಬೇಕೆನ್ನುವವರು ಅಂಥ ಸಂಪರ್ಕದಲ್ಲಿ ಪೋರ್ಟ್ ತೆರೆದು ಪ್ರಯೋಜನವಿಲ್ಲ. ಸ್ಟ್ಯಾಟಿಕ್ ಐಪಿ ಕೇಳಬೇಕು, ಇಲ್ಲವೇ ಐಪಿವಿ6 ಚಾಲೂ ಮಾಡಿಕೊಳ್ಳಬೇಕು.